ಶಾಲೆಯಿಂದ ಹೊರಗುಳಿದವರಿಗೆ ಶಾಲೆ ಕಟ್ಟಿದ ಕುದ್ಮುಲ್ ರಂಗರಾವ್

ಬೆಳ್ತಂಗಡಿ: ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳಲ್ಲಿ ದಲಿತರ ಕುಂದುಕೊರತೆ ಸಭೆ ನಡೆದಾಗಲೆಲ್ಲ ಕೇಳಿಬರುವ ಮಾತು ಡಿ.ಸಿ. ಮನ್ನಾ ಭೂಮಿಯದು. ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಎಂದೇ ತಿಳಿದವರು ಇಂದಿಗೂ ಅನೇಕರಿದ್ದಾರೆ. ವಾಸ್ತವವಾಗಿ ಅದು ಡಿಪ್ರೆಸ್ಡ್ ಕ್ಲಾಸ್ ಎಂಬುದರ ಸಂಕ್ಷಿಪ್ತ ರೂಪ. ಅಂದಿನ ಆಡಳಿತ ದಲಿತರನ್ನು ಗುರುತಿಸುತ್ತಿದ್ದ ಹೆಸರು ಅದು. ಬ್ರಿಟಿಷರ ಕಾಲದಲ್ಲಿ ಭೂಹೀನ ದಲಿತರಿಗೆಂದು ಮೀಸಲಿರಿಸಿದ ಆ ಭೂಮಿಯ ಪ್ರಸ್ತಾಪ ಬಂದಾಗ ಜಿಲ್ಲೆಯ ದಲಿತ ಸಂಘಟನೆಗಳು ಕೃತಜ್ಞತೆಯಿಂದ ನೆನೆಯುವ ಹೆಸರು ಕುದ್ಮುಲ್ ರಂಗರಾವ್ ಅವರದು.

ಆದರೆ ರಂಗರಾಯರು ಮೊದಲು ಕೈಹಾಕಿದ್ದು ಭೂಮಿಯ ಪ್ರಶ್ನೆಗಲ್ಲ, ಶಾಲೆಯ ಪ್ರಶ್ನೆಗೆ. ಕಾನೂನಿನ ಪ್ರಕಾರ ತೆರೆದಿದ್ದ ಶಾಲೆಯ ಬಾಗಿಲು ಕೆಲವು ಮಕ್ಕಳ ಪಾಲಿಗೆ ಮಾತ್ರ ಏಕೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಹುಡುಕುತ್ತ ಹೊರಟ ಅವರು ಹಸಿವು, ಕೂಲಿ, ಕಸುಬು, ವಸತಿ, ಕೊನೆಗೆ ಭೂಮಿಯವರೆಗೂ ಬಂದು ನಿಂತರು. ಶಾಲೆ ಬಿಟ್ಟ ಮಕ್ಕಳ ಬಗೆಗೆ ಇಂದಿಗೂ ಚರ್ಚೆ ನಡೆಯುತ್ತಿರುವಾಗ ಅವರು ನಡೆದ ಆ ಹಾದಿಯನ್ನು ನೆನಪಿಸಿಕೊಳ್ಳುವುದು ಉಚಿತ.

ಎಂಟು ರೂಪಾಯಿ ಸಂಬಳದ ಮೇಷ್ಟ್ರು

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಕುಟುಂಬ ಸಾರಸ್ವತ ಬ್ರಾಹ್ಮಣ ಸಮುದಾಯದ್ದು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ರಂಗರಾಯರ ಹೆಗಲಿಗೆ ಸಂಸಾರದ ಭಾರ ಬಿತ್ತು. ಉದ್ಯೋಗವನ್ನರಸಿ ಮಂಗಳೂರಿಗೆ ಬಂದ ಅವರಿಗೆ ಮೊದಲು ಸಿಕ್ಕಿದ್ದು ತಿಂಗಳಿಗೆ 8 ರೂಪಾಯಿ ಸಂಬಳದ ಶಿಕ್ಷಕ ವೃತ್ತಿ.

ಪಾಠ ಹೇಳುತ್ತಲೇ ಅವರು ತಾವೂ ಓದಿದರು. ಮೆಟ್ರಿಕ್ಯುಲೇಷನ್ ಮುಗಿಸಿ, ಬಳಿಕ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲರಾದರು. ಬಡ ಕಕ್ಷಿದಾರರಿಂದ ಹೆಚ್ಚಿನ ಶುಲ್ಕ ಬಯಸದ, ಸುಳ್ಳು ವ್ಯಾಜ್ಯಗಳನ್ನು ದೂರವಿಡುವ ವಕೀಲರೆಂದು ಹೆಸರಾದರು. ದುಡಿದು ಓದಿದವನಿಗೆ ಮಾತ್ರ ತಿಳಿಯುವ ಕಷ್ಟವೊಂದು ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. ಹೊಟ್ಟೆ ತುಂಬದವನಿಗೆ ಪುಸ್ತಕ ಹಿಡಿಯುವ ಕೈ ಇರುವುದಿಲ್ಲ ಎಂಬ ಈ ಅರಿವು ಮುಂದೆ ಅವರ ಶಾಲೆಗಳ ನಡವಳಿಕೆಯಲ್ಲೆಲ್ಲ ಕಾಣಿಸಿಕೊಂಡಿತು.

ಮಂಗಳೂರು ಆಗ ಬದಲಾವಣೆಯ ಹೊಸ್ತಿಲಲ್ಲಿದ್ದ ಪಟ್ಟಣ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯ, ನೇಯ್ಗೆ ಕಾರ್ಖಾನೆಗಳನ್ನು ತೆರೆದಿತ್ತು. ಹೆಂಚಿನ ಉದ್ಯಮ 1865ರಿಂದ ಬೆಳೆಯತೊಡಗಿತ್ತು. ಜಾತಿಯ ಅವಮಾನದಿಂದ ಬೇಸತ್ತ ಬಿಲ್ಲವ ಸಮುದಾಯದ ಮುಖಂಡ ಅರಸಪ್ಪನವರ ಕೋರಿಕೆಯ ಮೇರೆಗೆ 1870ರಲ್ಲಿ ಬ್ರಹ್ಮಸಮಾಜದ ಪ್ರಚಾರಕರು ಇಲ್ಲಿಗೆ ಬಂದಿದ್ದರು. ಸಾರಸ್ವತರಲ್ಲಿ ಉಳ್ಳಾಲ ರಘುನಾಥಯ್ಯನವರು ಸಮಾಜದ ತತ್ತ್ವಗಳನ್ನು ಬೆಂಬಲಿಸಿ ನಿಂತರು. ಅವರ ಒಡನಾಟ ರಂಗರಾಯರನ್ನು ಬ್ರಹ್ಮಸಮಾಜದತ್ತ ಸೆಳೆಯಿತು. ಎಲ್ಲರೂ ಒಂದೇ ದೇವರ ಮಕ್ಕಳೆಂದು ಪ್ರಾರ್ಥನೆಯಲ್ಲಿ ಹೇಳಿ, ಹೊರಬಂದೊಡನೆ ಮೈಲಿಗೆ ಎಣಿಸುವ ದ್ವಂದ್ವ ಅವರಿಗೆ ಒಗ್ಗಲಿಲ್ಲ.

ತೆರೆದಿದ್ದರೂ ಮುಚ್ಚಿದ ಬಾಗಿಲು

ದಲಿತ ಮಕ್ಕಳಿಗೆ ಅಂದು ಶಾಲೆಗಳೇ ಇರಲಿಲ್ಲ ಎನ್ನುವಂತಿಲ್ಲ. ಸರಕಾರದ ಶಾಲೆಗಳಿದ್ದವು. ಅಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ನಿರಾಕರಿಸಬಾರದು ಎಂಬ ನಿಲುವನ್ನೂ ಆಡಳಿತ ತಳೆದಿತ್ತು. ಈ ನಿಲುವಿನ ಹಿಂದೆ ಕನ್ನಡ ನಾಡಿನದೇ ಒಂದು ಪ್ರಕರಣವಿದೆ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಬಯಸಿದ ಮಹಾರ್ ಜಾತಿಯ ಬಾಲಕನೊಬ್ಬನಿಗೆ ಪ್ರವೇಶ ದೊರೆಯಲಿಲ್ಲ. ಆತ ಸಲ್ಲಿಸಿದ ಅರ್ಜಿ ಮುಂಬಯಿ ಸರಕಾರವನ್ನು ದಾಟಿ ಲಂಡನ್ನಿನವರೆಗೂ ಹೋಯಿತು. ಸರಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕೆಂಬ ತತ್ತ್ವ ಅಲ್ಲಿಂದ ಹೊರಬಿತ್ತು. ಆದರೆ ಒಬ್ಬ ಬಾಲಕನಿಗಾಗಿ ಉಳಿದ ಮಕ್ಕಳು ಶಾಲೆ ಬಿಟ್ಟುಹೋದರೇನು ಗತಿ ಎಂಬ ಭಯವೇ ಊರೂರುಗಳಲ್ಲಿ ಗೆದ್ದಿತು. 1882ರ ಹಂಟರ್ ಆಯೋಗ ತತ್ತ್ವವನ್ನು ಎತ್ತಿಹಿಡಿದರೂ ಅಗತ್ಯವಿದ್ದೆಡೆ ಕೆಳಜಾತಿಯ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿರಲೆಂದು ಸೂಚಿಸಿತು.

ದಕ್ಷಿಣ ಕನ್ನಡದ ಹಳ್ಳಿಗಳ ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಗಿದ್ದರೂ ಗುತ್ತಿನ ಮನೆ, ಬೀಡುಗಳ ಗದ್ದೆಗಳಲ್ಲಿ ಮೂಲದಾಳುಗಳಾಗಿ ತಲೆಮಾರುಗಳಿಂದ ದುಡಿಯುವ ಪದ್ಧತಿ ಮುಂದುವರಿದಿತ್ತು. ಆಳಿನ ಮಗ ಆಳೇ. ಕಾಲು ನಿಂತ ಕೂಡಲೇ ದನ ಕಾಯಲು, ಹರೆಯಕ್ಕೆ ಬಂದೊಡನೆ ನೇಗಿಲ ಹಿಂದೆ ನಡೆಯಲು ಅವನು ಬೇಕಿತ್ತು. ಶಾಲೆ ಅವನನ್ನು ಹೊರದೂಡುವ ಮೊದಲೇ ಬದುಕು ಅವನನ್ನು ಹೊರಗಿಟ್ಟಿತ್ತು.

ಒಳಗೆ ಕಾಲಿಟ್ಟವರ ಪಾಡೂ ಬೇರೆಯಾಗಿರಲಿಲ್ಲ. ಬೆಂದೂರಿನ ಬಾಬು ಎಂಬ ದಲಿತ ಯುವಕ ಅಷ್ಟಿಷ್ಟು ಓದಿ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಕೆಲಸಕ್ಕೆ ಸೇರಿದಾಗ ಅಲ್ಲಿನ ಮೇಲ್ಜಾತಿಯವರಿಂದ ವಿರೋಧ ಎದುರಿಸಬೇಕಾಯಿತೆಂಬ ಸಂಗತಿಯನ್ನು ರಂಗರಾಯರ ಜೀವನವನ್ನು ಹೇಳುವವರು ತಪ್ಪದೆ ನೆನೆಯುತ್ತಾರೆ. ತಾವು ಕರಿಕೋಟು ತೊಟ್ಟು ನ್ಯಾಯ ಕೇಳುವ ಅಂಗಳದಲ್ಲೇ ನಡೆದ ಈ ಅನ್ಯಾಯ ಅವರನ್ನು ಕಲಕಿತು.

ಚಿಲಿಂಬಿಯ ಮೊದಲ ಶಾಲೆ

1892ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅದೇ ಸುಮಾರಿಗೆ ಮದ್ರಾಸ್ ಪ್ರಾಂತದ ಚೆಂಗಲ್‌ಪಟ್ಟಿನಲ್ಲಿ ಕಲೆಕ್ಟರಾಗಿದ್ದ ಟ್ರೆಮೆನ್‌ಹೀರ್ ಎಂಬ ಅಧಿಕಾರಿ ಭೂಹೀನ ದಲಿತರ ದುಃಸ್ಥಿತಿಯ ಕುರಿತು ವರದಿ ಸಲ್ಲಿಸಿ, ಅವರಿಗೆ ಭೂಮಿ ಮತ್ತು ಶಿಕ್ಷಣ ಒದಗಿಸಬೇಕೆಂದು ಒತ್ತಾಯಿಸಿದ್ದರು. ಸರಕಾರ ಪಂಚಮ ಶಾಲೆಗಳೆಂಬ ಹೆಸರಿನಲ್ಲಿ ದಲಿತ ಮಕ್ಕಳ ಶಾಲೆಗಳಿಗೆ ನೆರವು ನೀಡಲು ಮುಂದಾದ ಕಾಲವದು. ಆದರೆ ಸರಕಾರದ ಆಜ್ಞೆಗೂ ಚಿಲಿಂಬಿಯ ಓಣಿಗೂ ನಡುವೆ ಬಹಳ ದೂರವಿತ್ತು.

ಶಾಲೆ ತೆರೆದುದೇನೋ ಸರಿ, ಪಾಠ ಹೇಳುವವರು ಯಾರು? ಮೇಲ್ಜಾತಿಯ ಶಿಕ್ಷಕರು ಒಪ್ಪಲಿಲ್ಲ. ಬಂದವರನ್ನು ಊರವರು ಉಳಿಯಗೊಡಲಿಲ್ಲ. ಕೊನೆಗೆ ಕ್ರೈಸ್ತ ಶಿಕ್ಷಕರು ಈ ಹೊಣೆ ಹೊತ್ತರು. ದಾರಿಯಲ್ಲಿ ಹೋಗುವ ಶಿಕ್ಷಕರಿಗೂ ಮಕ್ಕಳಿಗೂ ಬೈಗುಳ, ಕಲ್ಲು, ಬೆದರಿಕೆಗಳು ಎದುರಾದವು. ಶಾಲೆ ಒಂದೆಡೆ ನಿಲ್ಲಲಾರದೆ ಕಂಕನಾಡಿಗೆ, ಅಲ್ಲಿಂದ ಕೊಡಿಯಾಲಬೈಲಿಗೆ ಸ್ಥಳಾಂತರಗೊಂಡಿತು. ಇಂದು ಹತ್ತು ನಿಮಿಷದಲ್ಲಿ ವಾಹನದಲ್ಲಿ ಸುತ್ತಿಬರಬಹುದಾದ ಈ ದೂರದ ಹಿಂದೆ ವರ್ಷಗಳ ಹೋರಾಟ ಅಡಗಿದೆ.

ರಂಗರಾಯರ ಮನೆಗೂ ಇದರ ಬಿಸಿ ತಟ್ಟಿತು. ಸ್ವಸಮುದಾಯ ಅವರಿಗೆ ಬಹಿಷ್ಕಾರ ಹಾಕಿತು. ಕ್ಷೌರಿಕರು, ಅಗಸರು ಅವರ ಮನೆಯ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರು. ನಂಟರಿಷ್ಟರು ದೂರವಾದರು. ಪತ್ನಿ ರುಕ್ಮಿಣಿಯವರೂ ಮಕ್ಕಳೂ ಈ ಒಂಟಿತನವನ್ನು ಅನುಭವಿಸಬೇಕಾಯಿತು. ಮಂಗಳೂರಿನಂಥ ಪುಟ್ಟ ಪಟ್ಟಣದಲ್ಲಿ, ಕಕ್ಷಿದಾರರ ವಿಶ್ವಾಸವೇ ಜೀವನಾಧಾರವಾದ ವೃತ್ತಿಯಲ್ಲಿದ್ದವರಿಗೆ ಇದು ಸಣ್ಣ ಶಿಕ್ಷೆಯಾಗಿರಲಿಲ್ಲ. ಆದರೂ ಅವರು ಶಾಲೆಯನ್ನು ಮುಚ್ಚಲಿಲ್ಲ. ಮಂಗಳೂರಿನ ಅತ್ತಾವರ, ಬೋಳೂರು, ಮುಂದೆ ಮೂಲ್ಕಿ, ಉಡುಪಿಯ ಕಡೆಗಳಲ್ಲೂ ಶಾಲೆಗಳು ತಲೆಯೆತ್ತಿದವು.

ಊಟ ಮತ್ತು ಎರಡು ಪೈಸೆ

ರಂಗರಾಯರ ನಿಜವಾದ ಹೆಚ್ಚುಗಾರಿಕೆ ಇರುವುದು ಶಾಲೆ ತೆರೆದದ್ದರಲ್ಲಿ ಮಾತ್ರವಲ್ಲ, ಮಕ್ಕಳು ಬಾರದಿದ್ದಾಗ ಅವರು ಕೇಳಿಕೊಂಡ ಪ್ರಶ್ನೆಯಲ್ಲಿ. ಶಾಲೆಗೆ ಸೇರಿದ ಮಕ್ಕಳು ಕೆಲವೇ ದಿನಗಳಲ್ಲಿ ಕಾಣೆಯಾಗುತ್ತಿದ್ದರು. ಕಲಿಯುವ ಆಸಕ್ತಿ ಆ ಜನರಿಗಿಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಅಂದು ಬಹುತೇಕರು ಹೇಳುತ್ತಿದ್ದುದೂ ಅದನ್ನೇ. ರಂಗರಾಯರು ಹಾಗೆ ಮಾಡದೆ ಕಾರಣವನ್ನು ಮಗುವಿನಲ್ಲಲ್ಲ, ಮಗುವಿನ ಮನೆಯ ಸ್ಥಿತಿಯಲ್ಲಿ ಹುಡುಕಿದರು.

ಮೊದಲನೆಯ ಕಾರಣ ಹಸಿವು. ಅದಕ್ಕಾಗಿ ಶಾಲೆಯಲ್ಲೇ ಮಧ್ಯಾಹ್ನದ ಊಟದ ವ್ಯವಸ್ಥೆ ಮಾಡಿದರು. ಎರಡನೆಯದು ಮಗು ಶಾಲೆಗೆ ಬಂದರೆ ಮನೆಗೆ ತಪ್ಪುವ ಕೂಲಿ. ಅದಕ್ಕಾಗಿ ಮಗುವನ್ನು ಶಾಲೆಗೆ ಕಳುಹಿಸುವ ತಂದೆತಾಯಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಹಾಜರಾತಿ ಭತ್ಯೆ. ಮದ್ರಾಸ್ ನಗರಸಭೆ ತನ್ನ ಶಾಲೆಯಲ್ಲಿ ಊಟ ನೀಡಲಾರಂಭಿಸಿದ್ದು 1920ರಲ್ಲಿ. ಕರ್ನಾಟಕದಲ್ಲಿ ಬಿಸಿಯೂಟ ಯೋಜನೆ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ ವಿಸ್ತರಣೆಗೊಂಡಿತು. ಬೊಕ್ಕಸದ ಬಲವಿಲ್ಲದ ಒಬ್ಬ ವಕೀಲರು ಅದಕ್ಕೂ ಬಹಳ ಮೊದಲೇ ಅನ್ನಕ್ಕೂ ಅಕ್ಷರಕ್ಕೂ ಇರುವ ನಂಟನ್ನು ಕಂಡುಕೊಂಡಿದ್ದರು.

1897ರಲ್ಲಿ ಈ ಚದುರಿದ ಪ್ರಯತ್ನಗಳಿಗೆ ಒಂದು ಸಂಸ್ಥೆಯ ರೂಪ ಬಂತು. ಅದೇ ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಶಿಕ್ಷಣ, ಯೋಗ್ಯ ವಸತಿ, ಉದ್ಯೋಗ, ಸಾಮಾಜಿಕ ಸಮಾನತೆ ಅದರ ಗುರಿಗಳಾಗಿದ್ದವು. ಮಹಾರಾಷ್ಟ್ರದಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಮಿಷನ್ ಕಟ್ಟಿದ್ದು 1906ರಲ್ಲಿ. ಅಂದರೆ ಮಂಗಳೂರಿನದು ಅದಕ್ಕಿಂತ ಒಂಬತ್ತು ವರ್ಷ ಹಿರಿಯದು.

ಹರೆಯದವರ ಕೈಗೆ ಕಸುಬು

ಅಕ್ಷರ ಕಲಿತ ಹುಡುಗ ಹದಿಮೂರು, ಹದಿನಾಲ್ಕರ ಹರೆಯಕ್ಕೆ ಬಂದಾಗ ಇನ್ನೊಂದು ಸಂಕಟ ಎದುರಾಗುತ್ತಿತ್ತು. ಮುಂದೆ ಓದಿಸುವ ಶಕ್ತಿ ಮನೆಗಿಲ್ಲ. ಹಿಂದಿರುಗಿ ಹೋದರೆ ಮತ್ತೆ ಅದೇ ಗದ್ದೆ, ಅದೇ ಧಣಿ. ಕಲಿತ ಅಕ್ಷರ ಎರಡೇ ವರ್ಷದಲ್ಲಿ ಮರೆತುಹೋಗುತ್ತಿತ್ತು. ಇದನ್ನರಿತ ರಂಗರಾಯರು ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಮಿಷನ್‌ನ ನೆಲೆಯಲ್ಲಿ ಶಾಲೆಯ ಜೊತೆಗೆ ಕೈಗಾರಿಕಾ ತರಬೇತಿಯನ್ನೂ ಆರಂಭಿಸಿದರು. ಮರಗೆಲಸ, ನೇಯ್ಗೆ ಮುಂತಾದ ಕಸುಬುಗಳನ್ನು ಅಲ್ಲಿ ಕಲಿಸಲಾಯಿತು.

ಇದರ ಮಹತ್ವ ತಿಳಿಯಬೇಕಾದರೆ ಅಂದಿನ ಜಾತಿಯ ಲೆಕ್ಕಾಚಾರವನ್ನು ನೆನೆಯಬೇಕು. ಕಸುಬು ಆಗ ಹುಟ್ಟಿನಿಂದ ಬರುವ ಸೊತ್ತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ದಲಿತನ ಪಾಲಿಗೆ ಇದ್ದುದು ಮಣ್ಣು ಮತ್ತು ಮಲ. ಅಂಥ ಮನೆಯ ಹುಡುಗನ ಕೈಗೆ ಉಳಿ, ಮಗ್ಗ ಕೊಡುವುದೆಂದರೆ ಧಣಿಯ ಗದ್ದೆಯ ಹೊರಗೂ ಬದುಕಬಹುದೆಂದು ತೋರಿಸಿದಂತೆ. ದೂರದಿಂದ ಬರುವ ವಿದ್ಯಾರ್ಥಿಗಳಿಗೆ ವಸತಿಯ ಏರ್ಪಾಡೂ ಆಯಿತು. ನಿರ್ಗತಿಕ ಹೆಣ್ಣುಮಕ್ಕಳಿಗೂ ಅವರು ಆಶ್ರಯ ಕಲ್ಪಿಸಿದರು.

ಕಸುಬು ಕಲಿತವನಿಗೂ ತಲೆಯ ಮೇಲೆ ಸೂರು, ಕಾಲ ಕೆಳಗೆ ನೆಲ ಬೇಕು. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನ ಮಗ ಧಣಿ ಕರೆದಾಗ ಶಾಲೆ ಬಿಡಲೇಬೇಕು. ಆದುದರಿಂದ ದಲಿತರಿಗೂ ಕೊರಗರಿಗೂ ಸರಕಾರದಿಂದ ಜಾಗ ಕೊಡಿಸಿ ಕಾಲೊನಿಗಳನ್ನು ನಿರ್ಮಿಸುವತ್ತ ಅವರ ಗಮನ ಹರಿಯಿತು. ಅಲ್ಲಿಗೆ ವೃತ್ತವೊಂದು ಪೂರ್ಣಗೊಂಡಂತಾಯಿತು. ಶಾಲೆಯ ಪ್ರಶ್ನೆ ಭೂಮಿಯ ಪ್ರಶ್ನೆಯೂ ಆಗಿತ್ತು.

ದಲಿತರ ಪರವಾಗಿ ಬೇರೆಯವರು ಮಾತನಾಡಿದರೆ ಸಾಲದು, ಅವರೇ ಮಾತನಾಡಬೇಕೆಂಬುದೂ ಅವರ ಎಣಿಕೆಯಾಗಿತ್ತು. ಶಿಕ್ಷಣ ಪಡೆದ ದಲಿತರು ಸ್ಥಳೀಯ ಆಡಳಿತ ಮಂಡಳಿಗಳಲ್ಲಿ ಕುಳಿತುಕೊಳ್ಳುವಂತಾಗಲು ಅವರು ಶ್ರಮಿಸಿದರು.

ಮನೆಯಿಂದಲೇ ಆರಂಭ

ಊರಿಗೆ ಉಪದೇಶ ಹೇಳಿ ಮನೆಯಲ್ಲಿ ಸಂಪ್ರದಾಯ ಪಾಲಿಸುವ ಸುಧಾರಕರ ಸಾಲಿಗೆ ರಂಗರಾಯರು ಸೇರಲಿಲ್ಲ. ಮಗಳು ರಾಧಾಬಾಯಿಯವರಿಗೆ ಮದ್ರಾಸಿನಲ್ಲಿ ಕಾಲೇಜು ಶಿಕ್ಷಣ ಕೊಡಿಸಿದರು. 1912ರಲ್ಲಿ ಅವರ ವಿವಾಹ ತಮಿಳುನಾಡಿನ ಕುಮಾರಮಂಗಲಂ ಜಮೀನ್ದಾರಿ ಮನೆತನದ ಡಾ. ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಜಾತಿ, ಭಾಷೆ ಎರಡನ್ನೂ ದಾಟಿದ ಮದುವೆಯದು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತದ ಮುಖ್ಯ ಸಚಿವರಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ, ಸಂಸದೆಯಾಗಿದ್ದ ಪಾರ್ವತಿ ಕೃಷ್ಣನ್ ರಂಗರಾಯರ ಮೊಮ್ಮಕ್ಕಳು.

ಬ್ರಿಟಿಷ್ ಸರಕಾರ ಅವರಿಗೆ ರಾವ್ ಸಾಹೇಬ್ ಬಿರುದನ್ನಿತ್ತು ಗೌರವಿಸಿತು. ಬದುಕಿನ ಕೊನೆಯ ವರ್ಷಗಳಲ್ಲಿ, ತಮ್ಮ ನಂತರವೂ ಕೆಲಸ ನಿಲ್ಲಬಾರದೆಂಬ ಉದ್ದೇಶದಿಂದ ಅವರು ಮಿಷನ್‌ನ ಹೊಣೆಯನ್ನು ಗೋಪಾಲಕೃಷ್ಣ ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆನಿಸಿದರು.

1928ರ ಜನವರಿ 30ರಂದು ರಂಗರಾಯರು ಕೊನೆಯುಸಿರೆಳೆದರು. ಆಗ ಅವರಿಗೆ 68 ವರ್ಷ. ತಮ್ಮ ಅಂತ್ಯಸಂಸ್ಕಾರವನ್ನು ಪೌರಕಾರ್ಮಿಕ ಸಮುದಾಯದವರು ನೆರವೇರಿಸಬೇಕೆಂಬುದು ಅವರ ಅಂತಿಮ ಇಚ್ಛೆಯಾಗಿತ್ತು. ಬದುಕಿದ್ದಾಗ ಯಾರ ಸ್ಪರ್ಶ ಮೈಲಿಗೆಯೆಂದು ಸಮಾಜ ಹೇಳುತ್ತಿತ್ತೋ ಅವರ ಹೆಗಲ ಮೇಲೆಯೇ ಅವರ ಕೊನೆಯ ಯಾತ್ರೆ ಸಾಗಿತು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಅಂಗವಾಗಿ ಮಂಗಳೂರಿಗೆ ಬಂದ ಮಹಾತ್ಮಾ ಗಾಂಧೀಜಿ ರಂಗರಾಯರ ಸೇವೆಯನ್ನು ಮನಸಾರೆ ಕೊಂಡಾಡಿದರು.

ಉಳಿದಿರುವ ಪ್ರಶ್ನೆಗಳು

ರಂಗರಾಯರ ಕಾರ್ಯವನ್ನು ಇಂದು ನೋಡುವವರು ಒಂದು ಆಕ್ಷೇಪವನ್ನು ಎತ್ತಬಹುದು. ದಲಿತ ಮಕ್ಕಳಿಗೆ ಪ್ರತ್ಯೇಕ ಶಾಲೆ ಕಟ್ಟಿದ್ದರಿಂದ ಎಲ್ಲರ ಶಾಲೆಯ ಬಾಗಿಲು ಮುಚ್ಚಿಯೇ ಇರಲು ಅವಕಾಶವಾಗಲಿಲ್ಲವೇ? ಪ್ರಶ್ನೆ ನ್ಯಾಯವಾದುದೇ. ಪ್ರತ್ಯೇಕ ವ್ಯವಸ್ಥೆ ಅನುಕೂಲವೂ ಹೌದು, ಅಪಾಯವೂ ಹೌದು. ಆದರೆ ಎಲ್ಲರ ಶಾಲೆ ಮನಸ್ಸು ಬದಲಿಸುವವರೆಗೆ ಕಾಯಲು ಹತ್ತು ವರ್ಷದ ಮಗುವಿಗೆ ಸಮಯವಿರುವುದಿಲ್ಲ. ಕಾಯುತ್ತ ಕುಳಿತರೆ ಅದರ ಬಾಲ್ಯವೇ ಮುಗಿದಿರುತ್ತದೆ. ರಂಗರಾಯರು ಆ ಮಗುವಿನ ಕಡೆಯಿಂದ ಯೋಚಿಸಿದರು.

ಇನ್ನೊಂದು ಮಾತನ್ನೂ ಹೇಳಬೇಕು. ರಂಗರಾಯರ ಧೈರ್ಯವನ್ನು ಚರಿತ್ರೆ ದಾಖಲಿಸಿದೆ. ಆದರೆ ಕಲ್ಲು ಬೀಳುವ ದಾರಿಯಲ್ಲಿ ಸ್ಲೇಟು ಹಿಡಿದು ದಿನವೂ ನಡೆದುಬಂದವರು ಮಕ್ಕಳು. ಧಣಿಯ ಕೋಪಕ್ಕೆ ಗುರಿಯಾಗಬಹುದೆಂದು ತಿಳಿದೂ ಅವರನ್ನು ಕಳುಹಿಸಿದವರು ತಂದೆತಾಯಿಗಳು. ಎರಡು ಪೈಸೆ ಆ ಅಪಾಯಕ್ಕೆ ತಕ್ಕ ಬೆಲೆಯಾಗಿರಲಿಲ್ಲ. ರಂಗರಾಯರ ಜೊತೆಗೆ ಅವರನ್ನೂ ನೆನೆಯಬೇಕು.

ಇಂದು ಕಾನೂನು ಬಹಳಷ್ಟು ಮುಂದೆ ಬಂದಿದೆ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದಲ್ಲಿ ಕಾಯ್ದೆಯ ಮೂಲಕ ನಿಷೇಧಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗು ಮರಳಿದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ನೀಡಬೇಕು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟರೂ ಹೊರಹಾಕುವ ಮೇಲಿನ ನಿಷೇಧವನ್ನು ಉಳಿಸಿಕೊಂಡಿದೆ. ಆದರೆ ಈ ರಕ್ಷಣೆ ಸಾಮಾನ್ಯವಾಗಿ 14ರ ವಯಸ್ಸಿಗೆ ಕೊನೆಗೊಳ್ಳುತ್ತದೆ. ಹಾಜರಾತಿ ಕೊರತೆ, ಅನುತ್ತೀರ್ಣತೆ, ಮನೆಯ ಬಡತನ, ಕೂಲಿಯ ಆಕರ್ಷಣೆ ಎಲ್ಲವೂ ಒಟ್ಟಾಗಿ ಹುಡುಗ ಹುಡುಗಿಯರನ್ನು ಶಾಲೆಯಿಂದ ಹೊರಗೆಳೆಯುವುದು ಸರಿಯಾಗಿ ಅದೇ ವಯಸ್ಸಿನಲ್ಲಿ. ಶೇಡಿಗುಡ್ಡೆಯಲ್ಲಿ ರಂಗರಾಯರು ಮಗ್ಗ, ಉಳಿಗಳನ್ನು ತಂದಿರಿಸಿದ್ದೂ ಅದೇ ವಯಸ್ಸಿನವರಿಗಾಗಿ.

ಮಂಗಳೂರಿನ ಪುರಭವನಕ್ಕೆ ಇತ್ತೀಚಿನ ವರ್ಷಗಳಲ್ಲಿ ಕುದ್ಮುಲ್ ರಂಗರಾವ್ ಅವರ ಹೆಸರಿಡಲಾಗಿದೆ. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದ್ದು, ಅಲ್ಲಿ ಹೂವಿರಿಸಿ ಅವರನ್ನು ಸ್ಮರಿಸಲಾಗುತ್ತದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರ ಬೀದಿಯಲ್ಲಿ ಕಾರಿನಲ್ಲಿ ಹಾದುಹೋಗಬೇಕು, ಅದರ ಚಕ್ರದಿಂದ ಎದ್ದ ಧೂಳು ತಮ್ಮ ತಲೆಗೆ ಸೋಂಕಿದಾಗ ಜನ್ಮ ಸಾರ್ಥಕವಾಯಿತೆಂದು ಭಾವಿಸುವೆನೆಂಬುದು ಅವರ ಪ್ರಸಿದ್ಧವಾದ ಆಸೆ. ಆ ಆಸೆ ಹಲವು ಮನೆಗಳಲ್ಲಿ ಈಡೇರಿದೆ. ಈಡೇರದ ಮನೆಗಳೂ ಉಳಿದಿವೆ. ಡಿ.ಸಿ. ಮನ್ನಾ ಭೂಮಿಯ ಹಂಚಿಕೆಗಾಗಿ ಅರ್ಜಿ ಹಿಡಿದು ತಾಲೂಕು ಕಚೇರಿಯ ಮೆಟ್ಟಿಲೇರುವ ಬೆಳ್ತಂಗಡಿಯ ಕುಟುಂಬಗಳ ಮಕ್ಕಳು ಹತ್ತನೆಯ ತರಗತಿಯನ್ನು ದಾಟುವರೋ ಇಲ್ಲವೋ ಎಂಬುದು ರಂಗರಾಯರು ಬಿಟ್ಟುಹೋದ ಕೆಲಸದ ಮುಂದಿನ ಅಧ್ಯಾಯ.